ಮಾರ್ಫ್ ಮಾಡಿದ ಫೋಟೊ ಹಿಡಿದು ಬೆದರಿಕೆ: ‘ಮನೇಲಿ ಗೊತ್ತಾದ್ರೆ ಕಾಲೇಜು ಬಿಡಿಸ್ತಾರೆ’ ಅಂತಾಳೆ ಹುಡುಗಿ, ಏನು ಮಾಡೋಣ?

ತುಂಗೆಯ ದಡ (ಚರ್ಚೆ ಶುರು ಮಾಡಿದವರು)

ಹುಡುಗಿಯ ಹೆಸರು, ಊರು, ಕಾಲೇಜು ಯಾವುದನ್ನೂ ಬರೆಯುವುದಿಲ್ಲ. ದಯವಿಟ್ಟು ಊಹಿಸಲೂ ಹೋಗಬೇಡಿ. ನಾನು ಮಲೆನಾಡಿನ ಪದವಿ ಕಾಲೇಜೊಂದರಲ್ಲಿ ಪಾಠ ಮಾಡುವವಳು. ಅವಳು ನನ್ನ ವಿದ್ಯಾರ್ಥಿನಿ, ವಯಸ್ಸು 19.

ಕಾಲೇಜ್ ಡೇ ದಿನ ಸೀರೆ ಉಟ್ಟು ತೆಗೆಸಿಕೊಂಡ ಫೋಟೊವನ್ನು ಇನ್‌ಸ್ಟಾಗ್ರಾಂಗೆ ಹಾಕಿದ್ದಳು. ಯಾರೋ ಅದರಿಂದ ಮುಖ ಎತ್ತಿ ಬೆತ್ತಲೆ ಮೈಗೆ ಜೋಡಿಸಿ ಅವಳಿಗೇ ಕಳಿಸಿದ್ದಾರೆ. ಅವಳ ಹೆಸರಲ್ಲಿ ಇನ್ನೊಂದು ಖಾತೆಯೂ ಹುಟ್ಟಿಕೊಂಡಿದೆ, ಅದರಿಂದ ಕ್ಲಾಸಿನ ಹುಡುಗರಿಗೆಲ್ಲ ರಿಕ್ವೆಸ್ಟ್ ಹೋಗಿದೆ. "ರಾತ್ರಿ ವಿಡಿಯೊ ಕಾಲ್‌ಗೆ ಬಾ, ಇಲ್ಲಾಂದ್ರೆ ನಿಮ್ಮಪ್ಪಂಗೆ ಹೋಗುತ್ತೆ" ಅಂತ ಬರೆದು ಅಪ್ಪನ ನಂಬರನ್ನೂ ಹಾಕಿದ್ದಾನೆ. ಅಂದಮೇಲೆ ಪರಿಚಯದವನೇ ಇರಬೇಕು.

ಅವಳಿಗೆ ಅವನಿಗಿಂತ ಮನೆಯ ಭಯ ದೊಡ್ಡದು. "ಅಪ್ಪ ಹೊಡೆಯಲ್ಲ ಮೇಡಂ, ಬೈಯೋದೂ ಇಲ್ಲ. ಮೊಬೈಲ್ ಇಸ್ಕೊಂಡು ನಾಳೆಯಿಂದ ಕಾಲೇಜು ಬೇಡ ಅಂತಾರೆ. ಆಮೇಲೆ ಗಂಡು ನೋಡೋಕೆ ಶುರು ಮಾಡ್ತಾರೆ" ಅಂದಳು. ದೂರು ಕೊಟ್ಟರೆ ಪೊಲೀಸರು ಮನೆಗೇ ಫೋನ್ ಮಾಡುತ್ತಾರಾ? ಅವಳೊಬ್ಬಳೇ ದೂರು ಕೊಡಬಹುದಾ? ಆ ಚಿತ್ರ ಹರಡದಂತೆ ತಡೆಯೋಕೆ ಏನಾದರೂ ದಾರಿ ಇದೆಯಾ? ಬಲ್ಲವರು ಹೇಳಿ.

ಬೆಣ್ಣೆನಗರಿ

ಮೊದಲು ಆ ಖಾತೆ ಬ್ಲಾಕ್ ಮಾಡಿ ಚಾಟ್ ಪೂರ್ತಿ ಡಿಲೀಟ್ ಮಾಡಿಸಿ ಮೇಡಂ. ಅವಳ ಅಕೌಂಟನ್ನೂ ತೆಗೆಸಿಬಿಡಿ. ಇಲ್ಲಿಗೇ ಮುಗಿಯುತ್ತೆ.

ಕರಿಕೋಟು (ವಕೀಲೆ, ದಕ್ಷಿಣ ಕನ್ನಡ)

ದಯವಿಟ್ಟು ಏನನ್ನೂ ಡಿಲೀಟ್ ಮಾಡಿಸಬೇಡಿ. ಈ ಹೊತ್ತಿಗೆ ಆ ಹುಡುಗಿಯ ಕೈಯಲ್ಲಿರುವ ಒಂದೇ ಬಲ ಆ ಚಾಟ್.

ಸ್ಕ್ರೀನ್‌ಶಾಟ್ ತೆಗೆಯುವಾಗ ದಿನಾಂಕ, ಸಮಯ ಕಾಣಬೇಕು. ಪ್ರೊಫೈಲಿನ ಮೇಲೆ ಮೆರೆಯುವ ಹೆಸರು ಸಾಲದು. ಅದನ್ನು ಅವನು ಗಳಿಗೆಗೊಮ್ಮೆ ಬದಲಾಯಿಸಬಹುದು. ಯೂಸರ್‌ನೇಮ್ ಮತ್ತು ಪ್ರೊಫೈಲಿನ ಪೂರ್ತಿ ಲಿಂಕ್ ಎರಡನ್ನೂ ನಕಲು ಮಾಡಿಟ್ಟುಕೊಳ್ಳಿ. ಚಾಟನ್ನು ಮೊದಲಿಂದ ಕೊನೆಯವರೆಗೆ ಸರಿಸುತ್ತ ಸ್ಕ್ರೀನ್ ರೆಕಾರ್ಡಿಂಗ್ ಮಾಡಿ. ನಕಲಿ ಖಾತೆಯಿಂದ ರಿಕ್ವೆಸ್ಟ್ ಬಂದ ಹುಡುಗರಲ್ಲಿ ಒಬ್ಬಿಬ್ಬರು ನಂಬಿಕಸ್ಥರಿದ್ದರೆ ಅವರ ಫೋನಿನಿಂದಲೂ ತೆಗೆಸಿ. ಇದೆಲ್ಲ ಆದ ಮೇಲೆ ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ. ಅವನ ಜತೆ ಚೌಕಾಸಿ ಬೇಡ, ವಿಡಿಯೊ ಕಾಲ್ ಅಂತೂ ಬೇಡವೇ ಬೇಡ. ಒಮ್ಮೆ ಹೋದರೆ ಮುಂದಿನ ಬೆದರಿಕೆಗೆ ಬೇಕಾದ ಅಸಲಿ ವಿಡಿಯೊವನ್ನು ನಾವೇ ಕೊಟ್ಟಂತಾಗುತ್ತದೆ.

ನಿಮ್ಮ ಪ್ರಶ್ನೆಗಳಿಗೆ ಬರುತ್ತೇನೆ. 18 ತುಂಬಿದವಳ ದೂರಿಗೆ ತಂದೆಯ ಸಹಿ ಬೇಡ, ಒಪ್ಪಿಗೆಯೂ ಬೇಡ. ಜತೆಗೆ ನೀವು ಹೋಗಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ತೆಗೆದುಕೊಳ್ಳಬೇಕು. ಊರಿನ ಠಾಣೆಯಲ್ಲಿ ಅಪ್ಪನ ಪರಿಚಯದವರು ಇದ್ದಾರೆ ಅನ್ನುವ ಭಯ ಇದ್ದರೆ ಜಿಲ್ಲಾ ಕೇಂದ್ರದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗಿ. ಇಮೇಲ್ ಮೂಲಕವೂ ಮಾಹಿತಿ ಕೊಡಬಹುದು, ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಲೈಂಗಿಕ ಕಿರುಕುಳ, ಬೆನ್ನುಹತ್ತುವಿಕೆಯಂಥ ದೂರುಗಳನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು ಅಂತ ಅದೇ ಕಲಮಿನಲ್ಲಿದೆ, ಕೇಳಿ ಪಡೆಯಿರಿ. ಮಹಿಳೆಯನ್ನು ವಿಚಾರಣೆಗೆಂದು ಠಾಣೆಗೆ ಕರೆಸುವಂತಿಲ್ಲ, ಅವಳಿರುವಲ್ಲಿಗೆ ಅವರೇ ಬರಬೇಕು ಎಂಬ ನಿಯಮವೂ ಇದೆ. ಈ ಹುಡುಗಿಗೆ ಪೊಲೀಸರು ಮನೆ ಬಾಗಿಲಿಗೆ ಬರುವುದೇ ಕಷ್ಟದ ಮಾತಾದ್ದರಿಂದ ‘ನಾನೇ ಠಾಣೆಗೆ ಬರುತ್ತೇನೆ’ ಅಂತ ಮೊದಲೇ ಹೇಳಿಬಿಡಲಿ. ಹಾಗೆ ಬರಲು ಅವಕಾಶ ಇದೆ.

ಕಲಮುಗಳು: ಭಾರತೀಯ ನ್ಯಾಯ ಸಂಹಿತೆಯಲ್ಲಿ 75 (ಲೈಂಗಿಕ ಕಿರುಕುಳ), 78 (ಬೇಡವೆಂದ ಮೇಲೂ ಬೆನ್ನು ಬಿಡದೆ ಸಂಪರ್ಕಿಸುವುದು), 351 (ಬೆದರಿಕೆ). ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯಲ್ಲಿ 67 ಮತ್ತು 67ಎ (ಅಶ್ಲೀಲ, ಲೈಂಗಿಕ ಚಿತ್ರಗಳನ್ನು ಹಂಚುವುದು). ಹಣ ಕೇಳಿದ್ದರೆ ಸುಲಿಗೆಯ 308 ಕೂಡ ಸೇರುತ್ತದೆ. ಐಟಿ ಕಾಯ್ದೆಯ ಅಪರಾಧಗಳ ತನಿಖೆಯನ್ನು ಇನ್‌ಸ್ಪೆಕ್ಟರ್ ಅಥವಾ ಮೇಲಿನ ದರ್ಜೆಯವರೇ ಮಾಡಬೇಕು. ಇದನ್ನೇ ನೆಪ ಮಾಡಿ ‘ಸಾಹೇಬರಿಲ್ಲ, ಆಮೇಲೆ ಬನ್ನಿ’ ಅಂತ ಕಳಿಸುವುದುಂಟು. ತನಿಖೆ ಯಾರು ಮಾಡುತ್ತಾರೆ ಅನ್ನುವುದಕ್ಕೂ ದೂರು ದಾಖಲಿಸುವುದಕ್ಕೂ ಸಂಬಂಧ ಇಲ್ಲ.

ತಡ ಮಾಡಬೇಡಿ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. 2021ರ ಐಟಿ ನಿಯಮಗಳ ಪ್ರಕಾರ ತೆಗೆದುಹಾಕಿದ ವಿಷಯ, ಮುಚ್ಚಿದ ಖಾತೆಗಳ ಮಾಹಿತಿಯನ್ನು ಕಂಪನಿ 180 ದಿನ ಉಳಿಸಿಕೊಂಡಿರಬೇಕು. ಆ ಗಡುವು ದಾಟಿದರೆ ಪೊಲೀಸರು ಕೇಳಿದರೂ ಕೊಡಲು ಅವರ ಬಳಿ ಏನೂ ಇರದೆ ಹೋಗಬಹುದು.

ತುಂಗೆಯ ದಡ

ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಪ್ರಿಂಟ್ ತೆಗೆದು ಅವಳಿಗೆ ಕೊಡುತ್ತೇನೆ.

ಮನೆ ಯಜಮಾನ

ನಾನು ಇಬ್ಬರು ಹೆಣ್ಣುಮಕ್ಕಳ ತಂದೆ. ಬೇಸರ ಮಾಡಿಕೊಳ್ಳಬೇಡಿ, ಒಂದು ಮಾತು ಹೇಳಲೇಬೇಕು. ಫೋಟೊ ಯಾಕೆ ಹಾಕಬೇಕು? ಹಾಕದೆ ಇದ್ದಿದ್ದರೆ ಇದು ಆಗುತ್ತಲೇ ಇರಲಿಲ್ಲ. ಡಿಗ್ರಿ ಮುಗಿಯುವವರೆಗೆ ಮಕ್ಕಳಿಗೆ ಸ್ಮಾರ್ಟ್‌ಫೋನ್ ಕೊಡಬಾರದು ಅಂತ ನಮ್ಮ ಮನೆಯಲ್ಲಿ ತೀರ್ಮಾನ ಮಾಡಿದ್ದೇವೆ. ಆ ತಂದೆ ಮೊಬೈಲ್ ಕಸಿದುಕೊಂಡರೆ ಅದು ಸಿಟ್ಟಿಗಲ್ಲ, ಕಾಳಜಿಗೆ.

ಹುಬ್ಬಳ್ಳಿ ಅಕ್ಕಾರು

ಯಜಮಾನ್ರ, ನಿಮ್ಮ ಕಾಳಜಿ ಖರೇನ ಐತಿ, ಇಲ್ಲ ಅನ್ನಂಗಿಲ್ಲ. ಆದ್ರ ಒಂದು ವಿಚಾರ ಮಾಡ್ರಿ. ಆ ಹಲ್ಕಟ್‌ನ ಕಡೆ ಏನೈತಿ? ಒಂದು ಸುಳ್ಳು ಫೋಟೊ. ಅದರಿಂದ ಹುಡುಗಿಗೆ ಏನು ಮಾಡಾಕ ಬರ್ತೈತಿ? ಮನ್ಯಾಗ ಅಪ್ಪ-ಅವ್ವ ‘ಇದು ನಮ್ಮ ಮಗಳಲ್ಲ, ಯಾವ ಸೂಳೆಮಗ ಮಾಡ್ಯಾನ ಅವನ್ನ ಹುಡುಕೋಣ’ ಅಂದ್ರ ಅಲ್ಲಿಗೆ ಅವನ ಆಟ ಮುಗೀತು. ಅವ ಆಡಾಕತ್ತಿರೋದು ಫೋಟೊದ ಮ್ಯಾಲಲ್ಲರಿ, ನಿಮ್ಮ ಸಿಟ್ಟಿನ ಮ್ಯಾಲ. ನೀವು ಸಾಲಿ ಬಿಡಸ್ತೀರಿ, ಫೋನ್ ಕಸಗೋತೀರಿ, ಲಗ್ನ ಮಾಡ್ತೀರಿ ಅಂತ ಅವಂಗ ಪಕ್ಕಾ ಗೊತ್ತೈತಿ. ಅದಕ್ಕ ‘ನಿಮ್ಮಪ್ಪಂಗ ಕಳಸ್ತೀನಿ’ ಅಂತಾನ. ಪೊಲೀಸರಿಗೆ ಕಳಸ್ತೀನಿ ಅಂತ ಯಾವನರ ಅಂದಾನೇನ್ರಿ?

ನಮ್ಮ ಓಣ್ಯಾಗ ಒಬ್ಬಾಕಿ ಇದ್ಲು, ಭಾಳ ಶಾಣ್ಯಾ. ಹಿಂಗ ಆತು, ಮನ್ಯಾಗ ಹೇಳಿದ್ಲು. ಕಾಲೇಜು ಬಿಡಿಸಿದ್ರು. ಆ ಹುಡುಗ ಪರೀಕ್ಷಾ ಬರದು ಪಾಸಾಗಿ ನೌಕರಿಗೆ ಹೋದ. ಅದನ್ನ ನೋಡಿದ ಓಣಿ ಹುಡುಗ್ಯಾರು ಏನು ಕಲತ್ರು? ಮನ್ಯಾಗ ಹೇಳಬಾರದು ಅಂತ ಕಲತ್ರು. ಈಗ ಅವರ ಮನ್ಯಾಗ ಏನ್ ನಡದೈತೋ ಯಾವ ಅಪ್ಪಗೂ ಗೊತ್ತಾಗಂಗಿಲ್ಲ.

ಹಾಸನದವಳು

ಫೋಟೊ ಹಾಕದಿದ್ದರೆ ಆಗುತ್ತಿರಲಿಲ್ಲ ಅನ್ನುವ ಮಾತಿಗೆ ನಮ್ಮೂರಿನಿಂದ ಉತ್ತರ ಹೇಳುತ್ತೇನೆ.

2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಮತದಾನಕ್ಕೆ ಮುಂಚೆ ನಮ್ಮ ಜಿಲ್ಲೆಯಲ್ಲಿ ಆಗಿನ ಸಂಸದ ಪ್ರಜ್ವಲ್ ರೇವಣ್ಣನ ಲೈಂಗಿಕ ದೌರ್ಜನ್ಯದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಹರಿದಾಡಿದ್ದು ಎಲ್ಲರಿಗೂ ಗೊತ್ತು. ಆ ವಿಡಿಯೊಗಳಲ್ಲಿದ್ದ ಹೆಂಗಸರು ಯಾವ ಫೋಟೊ ಹಾಕಿದ್ದರು? ಅವರಲ್ಲಿ ಮನೆಗೆಲಸ ಮಾಡುವವರಿದ್ದರು, ಸಣ್ಣಪುಟ್ಟ ಸಹಾಯ ಕೇಳಿಕೊಂಡು ಹೋದವರಿದ್ದರು. ದೌರ್ಜನ್ಯ ಮಾಡಿದವನು ಒಬ್ಬ. ಮುಖ ಮುಚ್ಚದೆ ಅದನ್ನು ಹಂಚಿದವರು ಇನ್ಯಾರೋ. ತೆರೆದು ನೋಡಿ, ‘ಇವಳು ಇಂಥವರ ಮನೆಯವಳಲ್ವಾ’ ಅಂತ ಗುರುತು ಹಿಡಿದು ಮುಂದಕ್ಕೆ ಕಳಿಸಿದವರು ಸಾವಿರಾರು ಜನ. ಟೀ ಅಂಗಡಿಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಅದನ್ನು ನೋಡುತ್ತಿದ್ದರು. ಹೆಂಗಸರು ಮನೆಗೆ ಬೀಗ ಹಾಕಿ ಊರು ಬಿಟ್ಟರು ಅಂತ ಆಗ ಪತ್ರಿಕೆಗಳಲ್ಲಿ ಬಂತು. ಹಂಚುವುದೂ ಅಪರಾಧ, 67ಎ ಅಡಿ ಕೇಸು ಹಾಕುತ್ತೇವೆ ಅಂತ ವಿಶೇಷ ತನಿಖಾ ತಂಡ (ಎಸ್‌ಐಟಿ) ಎಚ್ಚರಿಸಬೇಕಾಯಿತು.

ಆಮೇಲೆ ಏನಾಯಿತು ಅನ್ನುವುದನ್ನೂ ಹೇಳಬೇಕು. ಮನೆಗೆಲಸ ಮಾಡುತ್ತಿದ್ದ ಒಬ್ಬ ಹೆಂಗಸು ದೂರು ಕೊಟ್ಟರು, ಹಿಂದೆ ಸರಿಯಲಿಲ್ಲ. 2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಪ್ರಜ್ವಲ್ ರೇವಣ್ಣಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮಾಜಿ ಪ್ರಧಾನಿಯ ಮೊಮ್ಮಗ, ಸಂಸದನಾಗಿದ್ದವನು. ಆ ಹೆಂಗಸಿನ ಮುಂದೆ ನಾವೆಲ್ಲ ಏನು?

ಆದರೆ ಫಾರ್ವರ್ಡ್ ಮಾಡಿದವರು ಇವತ್ತಿಗೂ ನಮ್ಮ ನಡುವೆಯೇ ಓಡಾಡಿಕೊಂಡಿದ್ದಾರೆ. ನನಗೆ ಅದನ್ನು ಮರೆಯೋಕೆ ಆಗುವುದಿಲ್ಲ.

ಕರಿಕೋಟು

ಹಾಸನದವರು ಬರೆದಿದ್ದಕ್ಕೆ ಒಂದು ಸೇರಿಸುತ್ತೇನೆ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನ ಪ್ರಕಾರ ಬೇರೆಯದೇ ಅಪರಾಧ. ಗ್ರೂಪಿನಲ್ಲಿ ‘ಇವಳು ಯಾರು ಗೊತ್ತಾ’ ಅಂತ ಹೆಸರು ಹಾಕಿದವರಿಗೂ ಅದು ತಗುಲುತ್ತದೆ. ಸಂತ್ರಸ್ತೆ 18ರ ಒಳಗಿನವಳಾದರೆ ಕಾನೂನು ಇನ್ನೂ ಬಿಗಿ. ಮಕ್ಕಳ ಲೈಂಗಿಕ ಚಿತ್ರ, ವಿಡಿಯೊಗಳನ್ನು ನೋಡುವುದು, ಇಟ್ಟುಕೊಳ್ಳುವುದೂ ಅಪರಾಧವೇ ಅಂತ ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಹೇಳಿದೆ.

ಯುವಕ ಸಂಘ

ಇಷ್ಟೆಲ್ಲ ಯಾಕೆ ಮೇಡಂ. ಅವನ ಮನೆ ಪತ್ತೆ ಮಾಡಿ ನಾಲ್ಕು ಜನ ಹೋಗಿ ಸರಿಯಾಗಿ ವಿಚಾರಿಸಿಕೊಂಡ್ರೆ ಜನ್ಮದಲ್ಲಿ ಇನ್ನೊಬ್ಬಳಿಗೆ ಮೆಸೇಜ್ ಮಾಡಲ್ಲ.

ಕೋಟೆನಾಡಿನವ

ತಮ್ಮಾ, ನಾನು ಚಿತ್ರದುರ್ಗದವನು. ಹಾಗೆ ‘ವಿಚಾರಿಸಿಕೊಳ್ಳಲು’ ಹೋದರೆ ಎಲ್ಲಿಗೆ ಮುಟ್ಟುತ್ತದೆ ಅಂತ ನಮ್ಮೂರಿಗೆ ಗೊತ್ತು. ನಟಿಯೊಬ್ಬರಿಗೆ ಅಶ್ಲೀಲ ಸಂದೇಶ ಕಳಿಸಿದ್ದಕ್ಕೆ ನಮ್ಮೂರಿನ ರೇಣುಕಾಸ್ವಾಮಿಯನ್ನು ಎತ್ತಿಕೊಂಡು ಹೋಗಿ ಕೊಂದರು ಅನ್ನುವುದು ಪೊಲೀಸರ ಆರೋಪ. 2024ರ ಜೂನ್‌ನದು, ವಿಚಾರಣೆ ಕೋರ್ಟಿನಲ್ಲಿದೆ, ತೀರ್ಪು ನಾವು ಹೇಳುವುದು ಬೇಡ. ಅವನು ಕಳಿಸಿದ್ದು ಆ ಸಂದೇಶಗಳೇ ಆಗಿದ್ದರೆ ಅದಕ್ಕೆ ಕಾನೂನಿನಲ್ಲಿ ಶಿಕ್ಷೆ ಇತ್ತು. ಒಂದು ದೂರಿನಲ್ಲಿ ಮುಗಿಯಬಹುದಾಗಿದ್ದ ವಿಷಯ. ಈಗ ಹೆಣ್ಣಿನ ಮೇಲಾದ ಕಿರುಕುಳದ ಮಾತನ್ನು ಯಾರೂ ಆಡುತ್ತಿಲ್ಲ, ಎಲ್ಲ ಕೊಲೆಯ ಸುತ್ತ ನಿಂತುಹೋಗಿದೆ. ನೀನು ಹೊಡೆದರೆ ಈ ಹುಡುಗಿಯ ಹೆಸರು ಊರಿಗೆಲ್ಲ ಹಬ್ಬುತ್ತದೆ, ನಿನ್ನ ಮೇಲೂ ಕೇಸಾಗುತ್ತದೆ.

ಸಕ್ಕರೆ ಸೀಮೆ

ಅದೇ ಪ್ರಕರಣದ ಬಾಲಂಗೋಚಿಯಾಗಿ ಇನ್ನೊಂದು ನಡೆಯಿತಲ್ಲ. 2025ರ ಜುಲೈನಲ್ಲಿ ನಟಿ, ನಮ್ಮ ಮಂಡ್ಯದ ಮಾಜಿ ಸಂಸದೆ ರಮ್ಯಾ ರೇಣುಕಾಸ್ವಾಮಿ ಕುಟುಂಬಕ್ಕೆ ನ್ಯಾಯ ಸಿಗಲಿ ಅಂತ ಬರೆದಿದ್ದಕ್ಕೆ, ಆ ಪ್ರಕರಣದ ಆರೋಪಿ ನಟ ದರ್ಶನ್ ಅಭಿಮಾನಿಗಳು ಅನ್ನಿಸಿಕೊಂಡವರು ಬರೆದ ಮಾತುಗಳನ್ನು ಓದಿದವರಿಗೆ ಗೊತ್ತು. ಅತ್ಯಾಚಾರದ ಬೆದರಿಕೆ, ಕೊಲೆ ಬೆದರಿಕೆ. ಅವರು ಬೆಂಗಳೂರು ಪೊಲೀಸ್ ಕಮಿಷನರ್ ಕಚೇರಿಗೆ ಹೋಗಿ 43 ಖಾತೆಗಳ ವಿರುದ್ಧ ದೂರು ಕೊಟ್ಟರು. ಮಹಿಳಾ ಆಯೋಗವೂ ಪತ್ರ ಬರೆಯಿತು, ಬಂಧನಗಳಾದವು.

ನನಗೆ ಆಗ ಖುಷಿಯೂ ಆಯಿತು, ಸಂಕಟವೂ ಆಯಿತು. ಹೆಸರಿರುವವರು ಕಮಿಷನರ್ ಎದುರು ಕೂತು ದೂರು ಕೊಡಬಲ್ಲರು. ತಾಲ್ಲೂಕಿನ ಹುಡುಗಿ ಕಾನ್‌ಸ್ಟೆಬಲ್ ಎದುರು ನಿಂತು ಆ ಚಿತ್ರ ತೋರಿಸಬೇಕು. ನನ್ನ ತಂಗಿಯ ವಿಷಯದಲ್ಲಿ ಠಾಣೆಯೊಂದರಲ್ಲಿ ‘ಇದೆಲ್ಲ ಮಾಮೂಲಿ, ಅಕೌಂಟ್ ಕ್ಲೋಸ್ ಮಾಡ್ಕೊಳಮ್ಮ’ ಅಂದು ಕಳಿಸಿದ್ದರು. ಅವಳು ಎರಡನೇ ಸಲ ಹೋಗಲೇ ಇಲ್ಲ.

ಕರಿಕೋಟು

ಹಾಗೆ ಕಳಿಸಿದರೆ ದೂರನ್ನು ಬರಹದಲ್ಲಿ ಅಂಚೆ ಮೂಲಕ ಎಸ್‌ಪಿಗೆ ಕಳಿಸಿ. ಅಲ್ಲೂ ಕೆಲಸವಾಗದಿದ್ದರೆ ಮ್ಯಾಜಿಸ್ಟ್ರೇಟ್ ಬಳಿಗೆ. ವಕೀಲರ ಖರ್ಚಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಚೇರಿ ಇರುತ್ತದೆ, ಸಹಾಯವಾಣಿ 15100.

ಗುಮ್ಮಟದ ನಾಡಿನವಳು

ನಾನು ಮುಸ್ಲಿಂ ಹುಡುಗಿ, ಪತ್ರಿಕೋದ್ಯಮ ಓದುತ್ತಿದ್ದೇನೆ. ನಮಗೆ ಬರುವ ಬೈಗುಳದಲ್ಲಿ ಹೆಣ್ಣು ಅನ್ನುವುದೂ ಇರುತ್ತದೆ, ಧರ್ಮವೂ ಇರುತ್ತದೆ. 2022ರ ಜನವರಿ 1ರಂದು ಬುಲ್ಲಿ ಬಾಯಿ ಅನ್ನುವ ಆ್ಯಪ್‌ನಲ್ಲಿ ಮುಸ್ಲಿಂ ಪತ್ರಕರ್ತೆಯರು, ಹೋರಾಟಗಾರ್ತಿಯರ ಫೋಟೊ ಹಾಕಿ ‘ಹರಾಜಿ’ಗಿಟ್ಟಿದ್ದರು. ಹೊಸ ವರ್ಷದ ಶುಭಾಶಯ ಬರುವ ಹೊತ್ತಿಗೆ ಅವರಿಗೆ ತಮ್ಮದೇ ಚಿತ್ರದ ಕೆಳಗೆ ಆ ಸಾಲು ಬಂತು. ಆ ಪ್ರಕರಣದಲ್ಲಿ ಮುಂಬೈ ಪೊಲೀಸರು ಮೊದಲು ಹಿಡಿದವರಲ್ಲಿ ಒಬ್ಬ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದವನು. ನನ್ನದೇ ವಯಸ್ಸಿನವರು. ಅವರ ಅಮ್ಮಂದಿರಿಗೆ ಮಗ ಕೋಣೆಯಲ್ಲಿ ಓದುತ್ತಿದ್ದಾನೆ ಅಂತಷ್ಟೇ ಗೊತ್ತಿತ್ತೇನೋ. ಹುಡುಗಿಯರ ಫೋನ್ ಕಸಿದುಕೊಳ್ಳುವ ಮಾತು ಇಲ್ಲಿ ಇಷ್ಟು ಬಂತು. ಗಂಡುಮಗನ ಫೋನಿನಲ್ಲಿ ಏನಿದೆ ಅಂತ ಒಬ್ಬರೂ ಕೇಳಲಿಲ್ಲ.

ಹುಬ್ಬಳ್ಳಿ ಅಕ್ಕಾರು

ಖರೇ ಮಾತು ಹೇಳಿದಿ ತಂಗಿ.

ಕೋಡ್ ಬರೆಯುವವ (ಬೆಂಗಳೂರು)

ಚಿತ್ರ ಹರಡದಂತೆ ತಡೆಯುವ ಪ್ರಶ್ನೆಗೆ ನನಗೆ ಗೊತ್ತಿರುವುದು. ಸ್ಟಾಪ್ ಎನ್‌ಸಿಐಐ ಡಾಟ್ ಆರ್ಗ್ (StopNCII.org) ಅಂತ ಒಂದು ಉಚಿತ ಸೇವೆ 2021ರ ಡಿಸೆಂಬರ್‌ನಿಂದ ಇದೆ, 18 ದಾಟಿದವರಿಗೆ. ಅದು ನಮ್ಮ ಫೋನಿನಲ್ಲೇ ಆ ಚಿತ್ರದಿಂದ ಒಂದು ಸಂಕೇತವನ್ನು ಲೆಕ್ಕ ಹಾಕುತ್ತದೆ, ಬೆರಳಚ್ಚಿನ ಹಾಗೆ. ಚಿತ್ರ ಫೋನ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಸಂಕೇತ ಮಾತ್ರ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ತಾಣಗಳು ಆ ಸಂಕೇತಕ್ಕೆ ಹೊಂದುವ ಚಿತ್ರವನ್ನು ತಡೆಯುತ್ತವೆ. ಕಂಪ್ಯೂಟರಿನಲ್ಲಿ ಸೃಷ್ಟಿಸಿದ ನಕಲಿಗೂ ನಡೆಯುತ್ತದೆ. 18ರ ಒಳಗಿನ ಮಕ್ಕಳಿಗೆ ಇದೇ ಥರದ ಟೇಕ್ ಇಟ್ ಡೌನ್ ಇದೆ. ವಾಟ್ಸ್ಆ್ಯಪ್ ಚಾಟ್ ಒಳಗೆ ಹೋಗುವುದನ್ನು ಇವು ತಡೆಯಲಾರವು, ಚಿತ್ರವನ್ನು ಚೂರು ತಿದ್ದಿದರೂ ತಪ್ಪಿಸಿಕೊಳ್ಳಬಹುದು. ಆದರೂ ಮಾಡಿಸಿ.

ಕಂಪನಿಯ ದೂರು ಅಧಿಕಾರಿಗೆ ಇಮೇಲನ್ನೂ ಕಳಿಸಿ. ಬೆತ್ತಲೆ ಚಿತ್ರ, ಮಾರ್ಫ್ ಮಾಡಿದ್ದು, ಬೇರೆಯವರ ಸೋಗು, ಈ ಮೂರಕ್ಕೆ 2021ರ ಐಟಿ ನಿಯಮಗಳಲ್ಲಿ ಮೊದಲು ಇದ್ದ ಗಡುವು 24 ಗಂಟೆ, 2026ರ ಫೆಬ್ರುವರಿಯ ತಿದ್ದುಪಡಿ ಅದನ್ನು 2 ಗಂಟೆಗೆ ಇಳಿಸಿದೆ. ಬರೀ ರಿಪೋರ್ಟ್ ಗುಂಡಿ ಒತ್ತಿ ಕಾಯಬೇಡಿ. ಬೆಂಗಳೂರಿನಲ್ಲಿ 2025ರಲ್ಲಿ ಆದದ್ದು ನೆನಪಿಸಿಕೊಳ್ಳಿ: ಮೆಟ್ರೊದಲ್ಲಿ ಹೆಂಗಸರನ್ನು ಕದ್ದು ಚಿತ್ರೀಕರಿಸಿ ಹಾಕುವ ಖಾತೆ ಒಂದು, ಅದಾದ ಸ್ವಲ್ಪ ದಿನಕ್ಕೆ ಚರ್ಚ್ ಸ್ಟ್ರೀಟ್‌ನಲ್ಲಿ ನಡೆದುಹೋಗುವವರನ್ನು ತೆಗೆಯುತ್ತಿದ್ದ ಖಾತೆ ಇನ್ನೊಂದು. ಎರಡನೆಯದರಲ್ಲಿ ಸಿಕ್ಕಿಹಾಕಿಕೊಂಡ ವಿದ್ಯಾರ್ಥಿನಿ ತಾನು ರಿಪೋರ್ಟ್ ಮಾಡಿದರೂ ಉಪಯೋಗವಾಗಲಿಲ್ಲ ಅಂತ ತಾನೇ ವಿಡಿಯೊ ಮಾಡಿ ಹೇಳಿಕೊಂಡ ಮೇಲೆಯೇ ಪೊಲೀಸರು ಬಂದರು, ಬಂಧನವಾಯಿತು. ಅವಳು ಮಾಡಿದ್ದು ರಸ್ತೆಯಲ್ಲಿ ನಡೆದದ್ದು, ಅಷ್ಟೇ.

ಮುಖ ಬದಲಿಸುವ ಕೆಲಸಕ್ಕೆ ಮೊದಲು ಪರಿಣತಿ ಬೇಕಿತ್ತು, ಈಗ ಬೇಡ. 2023ರ ನವೆಂಬರ್‌ನಲ್ಲಿ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಹೆಣ್ಣುಮಗಳ ವಿಡಿಯೊಗೆ ಅಂಟಿಸಿದಾಗ ದೇಶವೇ ಮಾತಾಡಿತು. ಆಗ ರಶ್ಮಿಕಾ ಬರೆದದ್ದರಲ್ಲಿ ನನಗೆ ಉಳಿದಿರುವುದು ಒಂದೇ: ಶಾಲೆ, ಕಾಲೇಜಿನಲ್ಲಿದ್ದಾಗ ಇದು ಆಗಿದ್ದರೆ ಹೇಗೆ ಎದುರಿಸುತ್ತಿದ್ದೆನೋ ಊಹಿಸಲೂ ಆಗದು ಅನ್ನುವ ಅರ್ಥದ ಮಾತು. ಇಲ್ಲಿರುವ ಹುಡುಗಿ ಅದೇ ವಯಸ್ಸಿನಲ್ಲಿದ್ದಾಳೆ.

ಗ್ರೂಪ್ ಅಡ್ಮಿನ್

ನಮ್ಮ ಹಳೆ ವಿದ್ಯಾರ್ಥಿಗಳ ಗ್ರೂಪ್ ನೋಡಿಕೊಳ್ಳುತ್ತೇನೆ. ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಜೈಲಿಗೆ ಹೋಗುವುದಿಲ್ಲ ಅಂತ ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದ್ದನ್ನು ಎಲ್ಲರೂ ಸಮಾಧಾನಕ್ಕೆ ಹೇಳುತ್ತಾರೆ. ನಾನು ಕೇಳುವುದು ಬೇರೆ. ಯಾರೋ ಒಬ್ಬ ಹುಡುಗಿಯ ಚಿತ್ರ ಹಾಕಿದ ತಕ್ಷಣ ‘ಇದನ್ನು ತೆಗಿ’ ಅಂತ ಗ್ರೂಪಿನಲ್ಲೇ, ಎಲ್ಲರ ಮುಂದೆ ಬರೆಯೋಕೆ ಯಾಕೆ ಆಗುವುದಿಲ್ಲ? ಸುಮ್ಮನೆ ಓದಿ ಮುಂದೆ ಹೋಗುವ ಇನ್ನೂರು ಜನರನ್ನು ನೋಡಿ ಹಾಕಿದವನಿಗೆ ಧೈರ್ಯ ಬರುತ್ತದೆ. ಒಬ್ಬ ಬರೆದರೆ ಇನ್ನಿಬ್ಬರು ಬರೆಯುತ್ತಾರೆ. ನಮ್ಮ ಗ್ರೂಪಿನಲ್ಲಿ ಹಾಗೇ ಆಯಿತು.

ಮನೆ ಯಜಮಾನ

ಎಲ್ಲ ಓದಿದೆ. ಹುಬ್ಬಳ್ಳಿಯ ಅಕ್ಕ ಹೇಳಿದ್ದನ್ನು ನನ್ನ ಹೆಂಡತಿಗೂ ಓದಿ ಹೇಳಿದೆ. ಒಂದು ಪ್ರಶ್ನೆ. ನಮ್ಮ ದೊಡ್ಡವಳು ಪಿಯುಸಿ. ನಾಳೆ ಇಂಥದ್ದೇನಾದರೂ ಆದರೆ ಅವಳು ನನಗೆ ಹೇಳಬೇಕು ಅಂದರೆ ನಾನು ಇವತ್ತು ಏನು ಹೇಳಿಟ್ಟಿರಬೇಕು?

ತುಂಗೆಯ ದಡ

ಸರ್, ನನಗೆ ತೋಚಿದ್ದು ಹೇಳುತ್ತೇನೆ. ‘ಏನೇ ಆದರೂ ನಿನ್ನ ಓದು ನಿಲ್ಲಿಸುವುದಿಲ್ಲ’ ಅಂತ ಬಾಯಿಬಿಟ್ಟು ಹೇಳಿ. ಅವಳಿಗೆ ಗೊತ್ತಿರುತ್ತದೆ ಬಿಡಿ ಅಂತ ಸುಮ್ಮನಿರಬೇಡಿ. ನನ್ನ ತರಗತಿಯಲ್ಲಿ ಅರವತ್ತು ಹುಡುಗಿಯರಿದ್ದಾರೆ, ಇದು ತಮ್ಮ ಅಪ್ಪನ ಬಾಯಿಂದ ಕೇಳಿಸಿಕೊಂಡವರು ತೀರ ಕಡಿಮೆ.

ಈ ಹುಡುಗಿಯ ವಿಷಯ: ಅವಳ ಒಪ್ಪಿಗೆ ಪಡೆದು ಮೊದಲು ಅವರ ಅಮ್ಮನ ಜತೆ ಮಾತಾಡಿದೆ. ಅತ್ತರು, ಆಮೇಲೆ ‘ಫೋಟೊ ನನಗೆ ತೋರಿಸಬೇಡಿ, ಎಲ್ಲಿಗೆ ಬರಬೇಕು ಹೇಳಿ’ ಅಂದರು. ಅಪ್ಪನಿಗೆ ಅವರೇ ಹೇಳುತ್ತಾರಂತೆ, ದೂರು ದಾಖಲಾದ ಮೇಲೆ. ಸಿಇಎನ್ ಠಾಣೆಯಲ್ಲಿ ಮಹಿಳಾ ಅಧಿಕಾರಿ ಮರ್ಯಾದೆಯಿಂದ ಮಾತಾಡಿಸಿದರು. ಹೇಳಿಕೆ ಬರೆದುಕೊಂಡು ಎಫ್‌ಐಆರ್ ಪ್ರತಿ ಕೊಟ್ಟರು. ಈಗ ಸ್ಕ್ರೀನ್‌ಶಾಟ್‌ಗಳಿಗೆ 63ರ ಪ್ರಮಾಣಪತ್ರ ತನ್ನಿ ಅನ್ನುತ್ತಿದ್ದಾರೆ. ಅದೇನು? ಇನ್ನೊಂದು, ಅವನು ನಮ್ಮ ಕಾಲೇಜಿನವನೇ ಅಂತ ತಿಳಿದುಬಂದರೆ ಕಾಲೇಜು ಏನು ಮಾಡಬಹುದು?

ಕರಿಕೋಟು

63 ಅಂದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಮು, ಹಿಂದಿನ ಸಾಕ್ಷ್ಯ ಕಾಯ್ದೆಯ 65ಬಿ. ಸ್ಕ್ರೀನ್‌ಶಾಟ್‌ನಂಥ ಡಿಜಿಟಲ್ ದಾಖಲೆಯನ್ನು ಕೋರ್ಟು ಸಾಕ್ಷ್ಯವಾಗಿ ಒಪ್ಪಬೇಕಾದರೆ ಈ ಪ್ರಮಾಣಪತ್ರ ಬೇಕು. ನಮೂನೆ ಕಾಯ್ದೆಯ ಅನುಸೂಚಿಯಲ್ಲೇ ಇದೆ, ಎರಡು ಭಾಗ. ‘ಎ’ ಭಾಗವನ್ನು ಫೋನಿನ ಒಡತಿಯಾಗಿ ಹುಡುಗಿ ತುಂಬಿ ಸಹಿ ಹಾಕಬೇಕು: ಯಾವ ಫೋನ್, ಐಎಂಇಐ ಸಂಖ್ಯೆ (ಫೋನಿನ ಗುರುತಿನ ಸಂಖ್ಯೆ), ಫೈಲಿನ ಹ್ಯಾಶ್ ಮೌಲ್ಯ (ಫೈಲಿನ ಬೆರಳಚ್ಚಿನಂಥ ಸಂಕೇತ). ‘ಬಿ’ ಭಾಗ ತಜ್ಞರದ್ದು, ಅದನ್ನು ತಾವೇ ಮಾಡಿಸುವಂತೆ ತನಿಖಾಧಿಕಾರಿಯನ್ನು ಕೇಳಿ. ಫೋನನ್ನು ಒಪ್ಪಿಸಬೇಕಾಗಿ ಬಂದರೆ ಪಂಚನಾಮೆ ಮತ್ತು ರಸೀದಿ ಪಡೆಯದೆ ಕೊಡಬೇಡಿ. ಅಷ್ಟರಲ್ಲಿ ಆ ಫೋನ್ ಫಾರ್ಮ್ಯಾಟ್ ಮಾಡಬಾರದು, ಆ್ಯಪ್ ತೆಗೆಯಬಾರದು. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ಅವರು ನಿಮಗೆ ತಿಳಿಸಬೇಕು, ದಿನಾಂಕ ಬರೆದಿಟ್ಟುಕೊಳ್ಳಿ.

ಕಾಲೇಜಿನವನೇ ಆದರೆ ಆಂತರಿಕ ದೂರು ಸಮಿತಿಗೂ ಬರೆದುಕೊಡಲಿ. ಯುಜಿಸಿಯ 2015ರ ಲೈಂಗಿಕ ಕಿರುಕುಳ ತಡೆ ನಿಯಮಾವಳಿ ವಿದ್ಯಾರ್ಥಿನಿಯರಿಗೂ ಅನ್ವಯಿಸುತ್ತದೆ. ಘಟನೆಯಾಗಿ ಮೂರು ತಿಂಗಳೊಳಗೆ ಕೊಡಬೇಕು. ಸಮಿತಿ ಕಾಗದದ ಮೇಲೆ ಮಾತ್ರ ಇದ್ದರೆ ನೋಟಿಸ್ ಬೋರ್ಡಿನಲ್ಲಿ ಸದಸ್ಯರ ಹೆಸರು ಹಾಕಿಸುವ ಕೆಲಸ ನೀವು ನಾಳೆಯೇ ಶುರು ಮಾಡಿ. ‘ಎ’ ಭಾಗ ತುಂಬುವಾಗ ಗೊಂದಲವಾದರೆ ಇಲ್ಲಿ ಕೇಳಿ, ಹುಡುಗಿಯ ಹೆಸರಾಗಲಿ ನಂಬರಾಗಲಿ ಹಾಕದೆ.